ಕನ್ನಡಕ ಹಾಕಿಯೂ 6/60, ಹಿಟ್ಟು (ರಾಗಿ ಮುದ್ದೆ) ತಾನೇ ತೊಳಸಬೇಕು ಅಂತಾರೆ: ಮನೇಲಿ ಮೊದಲು ಏನು ಬದಲಾಯಿಸೋದು?

ಮದ್ದೂರು_ವಿಆರ್‌ಡಬ್ಲ್ಯು
ನಾನು ಹಳ್ಳಿಯ ಪುನರ್ವಸತಿ ಕೆಲಸದಲ್ಲಿದ್ದೀನಿ (ವಿಆರ್‌ಡಬ್ಲ್ಯು). ನಾನು ನೋಡ್ಕೊಳ್ತಿರೋದು 62 ವರ್ಷದ ಹೆಣ್ಣುಮಗಳನ್ನ. ಸಕ್ಕರೆ ಕಾಯಿಲೆಯಿಂದ ರೆಟಿನಾಗೆ ಪೆಟ್ಟಾಗಿದೆ, ಲೇಸರ್ ಮುಗಿದಿದೆ, ಎರಡೂ ಕಣ್ಣು 6/60ಕ್ಕೆ ನಿಂತಿವೆ (ಬೇರೆಯವರಿಗೆ 60 ಮೀಟರಿಂದ ಕಾಣೋದು ಇವರಿಗೆ 6 ಮೀಟರಿಗೆ ಬಂದ್ರೆ ಕಾಣುತ್ತೆ). ಮನೆಯವರು ಒಲೆ ಹತ್ತಿರಕ್ಕೇ ಬಿಡ್ತಿಲ್ಲ. ಆಕ್ಯುಪೇಷನಲ್ ಥೆರಪಿಗೆ (ಓಟಿ) ಮೈಸೂರಿಗೆ ಒಂದೇ ಸಲ ಕರ್ಕೊಂಡು ಹೋಗೋಕೆ ಆಗೋದು. ಅಷ್ಟರೊಳಗೆ ಮನೇಲಿ ಏನೇನು ಮಾಡಬಹುದು? ಭೂತಗನ್ನಡಿ ಯಾವ ಪವರ್ ತರೋದು?

ಓಟಿ_ಸರಸ್ವತಿಪುರಂ
"ಓಟಿಗೆ ಹೋಗೋಣ" ಅಂದ್ರೆ ಆಪರೇಷನ್ ಥಿಯೇಟರ್ ಅಂದ್ಕೊಂಡು ಹೆದರ್ತಾರೆ. "ಔದ್ಯೋಗಿಕ ಚಿಕಿತ್ಸೆ" ಅಂದ್ರೆ ನೌಕರಿ ಕೊಡಿಸ್ತಾರೆ ಅಂತ ಬರ್ತಾರೆ. ಇರೋ ದೃಷ್ಟಿಯಲ್ಲೇ ದಿನದ ಕೆಲಸ ಮತ್ತೆ ಕೈಗೆ ಹತ್ತೋ ಹಾಗೆ ಮಾಡೋದು ಅಂತ ಮೊದಲೇ ಬಿಡಿಸಿ ಹೇಳಿ.

ಸಕ್ಕರೆ ಕಾಯಿಲೆ ಇರೋದ್ರಿಂದ ಕಣ್ಣಿಗಿಂತ ಮುಂಚೆ ಕೈಕಾಲಿನ ಸ್ಪರ್ಶ ನೋಡಿ. ಪಾದಕ್ಕೆ 10 ಗ್ರಾಂ ಮೊನೊಫಿಲಮೆಂಟ್ (ಚರ್ಮಕ್ಕೆ ಒತ್ತಿ ಸ್ಪರ್ಶ ಪರೀಕ್ಷಿಸೋ ನೈಲಾನ್ ಎಳೆ) ಸಾಕು. ಬೆರಳ ತುದಿ ಜೋಮು ಹಿಡಿದಿದ್ರೆ ನೀವು ಅಂಟಿಸೋ ಸಣ್ಣ ಚುಕ್ಕೆ ಯಾವುದೂ ಅವರಿಗೆ ತಿಳಿಯಲ್ಲ. ಮಾಡಿದ ಕೆಲಸವೆಲ್ಲ ಹಾಳಾಗೋದು ಇಲ್ಲೇ.

ಬೆಳಕು: ಸೂರಿನ ಬಲ್ಬ್ ದೊಡ್ಡದು ಹಾಕಿದ್ರೆ ಅವರ ತಲೆಯ ನೆರಳೇ ಈಳಿಗೆಮಣೆ ಮೇಲೆ ಬೀಳುತ್ತೆ. ಕ್ಲಿಪ್ ದೀಪ ತಂದು, ಕೆಲಸ ಮಾಡದ ಕೈ ಪಕ್ಕ, 30–40 ಸೆಂ.ಮೀ. ದೂರದಲ್ಲಿ, ಬುರುಡೆ ಕಣ್ಣಿಗೆ ಕಾಣದ ಹಾಗೆ ಕೂರಿಸಿ. ದೂರ ಅರ್ಧ ಮಾಡಿದ್ರೆ ಬೆಳಕು ನಾಲ್ಕು ಪಟ್ಟು. ವ್ಯಾಟ್ ಏರಿಸೋ ಅಗತ್ಯವೇ ಇಲ್ಲ.

ಬಣ್ಣ: ಸ್ಟೀಲ್ ತಟ್ಟೆಯಲ್ಲಿ ಅನ್ನ ಕಾಣಲ್ಲ, ಮೇಲಾಗಿ ತಟ್ಟೆ ಮಿಂಚುತ್ತೆ. ಅನ್ನಕ್ಕೆ ಕಡು ಬಣ್ಣದ ತಟ್ಟೆ, ಮುದ್ದೆಗೆ ಬಿಳಿ ಪಿಂಗಾಣಿ. ಬಚ್ಚಲಲ್ಲಿ ಬಿಳಿ ಟೈಲ್ಸ್ ಇದ್ರೆ ಕೆಂಪು ಬಕೆಟ್ಟು, ಕೆಂಪು ಚೊಂಬು.

ಗ್ಯಾಸ್ ಒಲೆ: ಬಟ್ಟೆಗೆ ಚಿತ್ರ ಬಿಡಿಸೋ ಉಬ್ಬು ಲೈನರ್ ತಗೊಂಡು ಗುಬ್ಬಿ ಮೇಲೊಂದು, ಒಲೆ ಮೈಮೇಲೊಂದು ಚುಕ್ಕೆ ಇಡಿ, ಆಫ್ ಆದಾಗ ಎರಡೂ ಎದುರುಬದುರು ಬರೋ ಹಾಗೆ. ಒಂದು ರಾತ್ರಿ ಒಣಗಲಿ. ಸಿಮ್‌ಗೆ ಇನ್ನೊಂದು. ಅಷ್ಟೇ, ಎಲ್ಲಾ ಕಡೆ ಚುಕ್ಕೆ ಇಟ್ರೆ ಯಾವುದು ಏನು ಅಂತ ಗೊತ್ತಾಗಲ್ಲ. ಪಾತ್ರೆ ಇಟ್ಟ ಮೇಲೇ ಒಲೆ ಹಚ್ಚೋದು, ಒಲೆ ಆರಿಸಿದ ಮೇಲೇ ಪಾತ್ರೆ ಇಳಿಸೋದು. ಸೆರಗು ಸೊಂಟಕ್ಕೆ ಸಿಕ್ಕಿಸಲಿ. ಹಾಲಿಗೆ ಸೀಟಿ ಹೊಡೆಯೋ ಹಾಲಿನ ಕುಕ್ಕರ್.

ಇನ್ನು ಹಿಟ್ಟು. ನಮ್ಮ ಕಡೆ ಪಾತ್ರೆ ಕೆಳಗಿಳಿಸಿ, ಕಾಲಲ್ಲಿ ಅದುಮಿ ಹಿಡಿದು ತೊಳಸೋದು ವಾಡಿಕೆ. ಪಾದಕ್ಕೆ ಸ್ಪರ್ಶ ಇಲ್ಲದವರಿಗೆ ಇದೇ ದೊಡ್ಡ ಅಪಾಯ: ಸುಟ್ಟಿದ್ದು ಬೊಬ್ಬೆ ಎದ್ದ ಮೇಲೇ ಗೊತ್ತಾಗೋದು. ಪಾತ್ರೆ ಅದುಮಿ ಹಿಡಿಯೋ ಕವೆಗೋಲು ಇದ್ರೆ ಪಾದ ಪಾತ್ರೆಯಿಂದ ದೂರ ಉಳಿಯುತ್ತೆ. ಆದ್ರೂ ಬೆರಳು ಮುಚ್ಚೋ ಚಪ್ಪಲಿ ಇರಲಿ. ಇನ್ನೂ ಒಳ್ಳೇದು ಅಂದ್ರೆ ಸೊಂಟಕ್ಕಿಂತ ತಗ್ಗಾದ ಕಟ್ಟೆ ಮೇಲೆ ಒದ್ದೆ ಬಟ್ಟೆ ಮಡಚಿ ಹಾಸಿ, ಅದರ ಮೇಲೆ ಹಿಡಿಯಿರೋ ದಪ್ಪ ತಳದ ಪಾತ್ರೆ. ಒದ್ದೆ ಬಟ್ಟೆ ಮೇಲೆ ಪಾತ್ರೆ ಜಾರಲ್ಲ, ಸುತ್ತಲ್ಲ. ಮೊದಲ ನಾಲ್ಕೈದು ದಿನ ಹಿಟ್ಟು ಹಾಕದೆ, ತಣ್ಣಗಿರೋ ಪಾತ್ರೇಲೇ ತೊಳಸಿ ನೋಡಲಿ.

ಲೋವಿಷನ್_ಆಪ್ಟೋಮ್
ಭೂತಗನ್ನಡಿ ಅಂಗಡಿಯಿಂದ ಅಂದಾಜಲ್ಲಿ ತರಬೇಡಿ. ಶುರುವಿಗೆ ಲೆಕ್ಕ ಇಷ್ಟು: 60ನ್ನು 6ರಿಂದ ಭಾಗಿಸಿ, 10 ಡಯಾಪ್ಟರ್ (ಗಾಜಿನ ಪವರ್‌ನ ಅಳತೆ). 100ನ್ನು 10ರಿಂದ ಭಾಗಿಸಿದ್ರೆ ಗಾಜಿಗೂ ಕಾಗದಕ್ಕೂ ನಡುವೆ 10 ಸೆಂ.ಮೀ. ಸಕ್ಕರೆ ಕಾಯಿಲೆಯವರಿಗೆ ಕಾಂಟ್ರಾಸ್ಟ್ (ತಿಳಿ-ಕಡು ಬಣ್ಣದ ವ್ಯತ್ಯಾಸ ಗುರುತಿಸೋ ಶಕ್ತಿ) ಕೂಡ ಕಮ್ಮಿ ಆಗಿರೋದ್ರಿಂದ ಇದಕ್ಕಿಂತ ಹೆಚ್ಚೇ ಬೇಕಾಗಬಹುದು. ಕೈ ನಡುಗಿದ್ರೆ ಸ್ಟ್ಯಾಂಡ್ ಇರೋದು. "ಗಾಜು ಸರಿಯಿಲ್ಲ" ಅನ್ನೋ ದೂರು ಬಹಳ ಸಲ ಬರೋದು ಕನ್ನಡಕ ತಪ್ಪಾಗಿರೋದ್ರಿಂದ: ಸ್ಟ್ಯಾಂಡ್ ಗಾಜಿಗೆ ಓದೋ ಕನ್ನಡಕ ಹಾಕ್ಕೋಬೇಕು, ಕೈಯಲ್ಲಿ ಹಿಡಿಯೋದಕ್ಕೆ ದೂರದ್ದು ಸಾಕು. ಸಕ್ಕರೆ ಏರಿಳಿತ ಇರೋವಾಗ ಹೊಸ ನಂಬರ್ ಬರೆಸಬೇಡಿ, ನಂಬರೂ ಅದರ ಜೊತೆಗೇ ಓಡಾಡುತ್ತೆ.

6/60 ಅಂದ್ರೆ 2016ರ ಅಂಗವಿಕಲರ ಕಾಯ್ದೆಯಲ್ಲಿ ಲೋ ವಿಷನ್ ವರ್ಗ. ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿಸಿದ್ದೀರಾ?

ಮದ್ದೂರು_ವಿಆರ್‌ಡಬ್ಲ್ಯು
ಹಾಕಿಸಿದೆ. ಇನ್ಸುಲಿನ್ ಅವರೇ ಎಳೆದುಕೊಳ್ತಾರೆ, ಬುಡ್ಡಿ ಮತ್ತು ಸಿರಿಂಜು. ಬಣ್ಣದ ಮುಚ್ಚಳ ನೋಡಿ ಗುರುತು ಹಿಡೀತಾರಂತೆ.

ಓಟಿ_ಸರಸ್ವತಿಪುರಂ
ಅವರೇ ಎಳೆದುಕೊಳ್ಳೋದನ್ನ ಇವತ್ತೇ ನಿಲ್ಲಿಸಿ, ಇನ್ಸುಲಿನ್ನನ್ನ ಅಲ್ಲ. ಮಿಲಿಗೆ 40 ಯೂನಿಟ್ ಇರೋ ಇನ್ಸುಲಿನ್ನಿನ ಸಿರಿಂಜಿಗೆ ಕೆಂಪು ಮುಚ್ಚಳ, ಮಿಲಿಗೆ 100ರದ್ದಕ್ಕೆ ಕಿತ್ತಳೆ. ಇಂಥ ಕಣ್ಣಿಗೆ ಕೆಂಪು, ಕಿತ್ತಳೆ ಎರಡೂ ಒಂದೇ. 100ರ ಇನ್ಸುಲಿನ್ನನ್ನ 40ರ ಸಿರಿಂಜಲ್ಲಿ ಎಳೆದ್ರೆ ಎರಡೂವರೆ ಪಟ್ಟು ಡೋಸ್ ಒಳಗೆ ಹೋಗುತ್ತೆ. ಬುಡ್ಡಿ ಖಾಲಿಯಾಗಿ ಬರೀ ಗಾಳಿ ಬಂದ್ರೂ ಕಾಣಲ್ಲ. ಮನೆಯಲ್ಲಿ ಒಂದೇ ತರದ ಸಿರಿಂಜಿರಲಿ, ಕಣ್ಣು ಕಾಣೋರು ಎಳೆದು ಕೊಡಲಿ. ಇನ್ಸುಲಿನ್ ಪೆನ್ನಿಗೆ ಬದಲಾಯಿಸೋದನ್ನ ಡಾಕ್ಟರ ಹತ್ರ ಕೇಳಿ. ಆದ್ರೆ ಅಲ್ಲೂ ಡೋಸ್ ತಿರುಗಿಸುವಾಗ ಬರೋ ಕ್ಲಿಕ್ ಎಣಿಕೆಯನ್ನೇ ನೆಚ್ಕೋಬೇಡಿ, ನಂಬರನ್ನ ಇನ್ನೊಬ್ಬರು ನೋಡಬೇಕು. ಮೈಸೂರಿಗೆ ಬರುವಾಗ ಬುಡ್ಡಿ, ಸಿರಿಂಜು, ಮಾತ್ರೆ, ಈಗಿನ ಕನ್ನಡಕ, ಜೊತೆಗೆ ಅಡುಗೆಮನೆ, ಬಚ್ಚಲು, ಮೆಟ್ಟಿಲಿನ ಫೋಟೋ ತನ್ನಿ.

ಮದ್ದೂರು_ವಿಆರ್‌ಡಬ್ಲ್ಯು
ಆಯ್ತು. ನಡುಮನೆಯಿಂದ ಹಿತ್ತಲಿಗೆ ಎರಡು ಮೆಟ್ಟಿಲು, ಕೆಂಪು ಗಾರೆ. ಹಳದಿ ಟೇಪ್ ಅಂಟಿಸಲಾ?

ಓಟಿ_ಸರಸ್ವತಿಪುರಂ
ದಿನಾ ಒರೆಸೋ ಗಾರೆಗೆ ಟೇಪ್ ನಿಲ್ಲಲ್ಲ. ಅಂಚು ಎದ್ದು ಅದೇ ಕಾಲಿಗೆ ಸಿಕ್ಕುತ್ತೆ. ಹಳದಿ ಪೇಂಟ್ ಬಳಿಯಿರಿ, ಹೊಳಪಿಲ್ಲದ್ದು. ಮೆಟ್ಟಿಲಿನ ಅಂಚಿಗೇ ತಾಗಿದ ಹಾಗೆ 5 ಸೆಂ.ಮೀ. ಪಟ್ಟಿ, ಗೋಡೆಯಿಂದ ಗೋಡೆವರೆಗೆ. ಹೊಸ್ತಿಲಿಗೆ ಅರಿಶಿನ ಬಳಿದಿರ್ತಾರಲ್ಲ, ಅದೇ ಲೆಕ್ಕ. ಹಿತ್ತಲ ಬಾಗಿಲು ಪೂರ್ತಿ ತೆಗೆದಿರಲಿ, ಇಲ್ಲ ಪೂರ್ತಿ ಮುಚ್ಚಿರಲಿ. ಅರ್ಧ ತೆಗೆದ ಬಾಗಿಲ ಅಂಚು ನೇರ ಹಣೆಗೆ ಬಡಿಯುತ್ತೆ.