ಬಾಯಿ ಬಿಡಬಾರದ ಸಿನಿಮಾ

"ಲೋ, ನಿನ್ನ ಸ್ಪೀಕರ್ ಕೆಟ್ಟಿದೆ" ಎಂದು ನಾಗು ಎದ್ದು ವೈರು ಅಲ್ಲಾಡಿಸತೊಡಗಿದ.

"ಸುಮ್ನೆ ಕೂತುಕೊಳ್ಳೋ, ಸಿನಿಮಾನೇ ಹಾಗಿರೋದು" ಎಂದೆ.

ಶ್ಯಾಮನ ಮನೆಯಲ್ಲಿ ನೋಡುತ್ತಿದ್ದದ್ದು 1955ರ ಫ್ರೆಂಚ್ ಚಿತ್ರ ‘ರಿಫಿಫಿ’. ಪ್ಯಾರಿಸ್ಸಿನ ಒಡವೆ ಅಂಗಡಿಗೆ ನಾಲ್ವರು ಕನ್ನ ಹಾಕುತ್ತಾರೆ. ಆ ಅರ್ಧ ಗಂಟೆ ಮಾತಿಲ್ಲ, ಸಂಗೀತವೂ ಇಲ್ಲ. ಮೇಲಿನ ಮನೆಯ ನೆಲಕ್ಕೆ ತೂತು ಕೊರೆದು, ಅದರೊಳಗೆ ಮಡಚಿದ ಕೊಡೆ ಇಳಿಸಿ ಬಿಚ್ಚುತ್ತಾರೆ. ಗಾರೆ ಚೂರು ಕೆಳಗೆ ಬಿದ್ದು ಸದ್ದಾಗಬಾರದಲ್ಲ!

"ಸಂಗೀತಕ್ಕೆ ದುಡ್ಡಿರಲಿಲ್ಲವೇನೋ, ಪಾಪ" ಎಂದ ಶ್ಯಾಮ, ಕೊಡುಬಳೆ ಡಬ್ಬಿಗೆ ಕೈ ಹಾಕುತ್ತಾ.

"ಅಲ್ಲವೋ. ಜಾರ್ಜ್ ಓರಿಕ್ ಈ ದೃಶ್ಯಕ್ಕೆ ಸಂಗೀತ ಬರೆದಿದ್ದರು. ನಿರ್ದೇಶಕ ಜೂಲ್ಸ್ ಡಾಸಿನ್ ಅದನ್ನು ಹಾಕಿ ಒಮ್ಮೆ, ತೆಗೆದು ಒಮ್ಮೆ ತೋರಿಸಿದರು. ನೋಡಿದ ಓರಿಕ್ಕೇ ಬೇಡ ಅಂದುಬಿಟ್ಟರು."

"ತಾನು ಮಾಡಿದ್ದನ್ನು ತಾನೇ ಬೇಡ ಅಂದರಾ? ಈ ಶ್ಯಾಮ ವಾಟ್ಸಾಪಿನ ಹಳಸಲು ಜೋಕು ಕೂಡ ಡಿಲೀಟ್ ಮಾಡಲ್ಲ!"

ಕಾನ್ ಚಿತ್ರೋತ್ಸವದಲ್ಲಿ ಡಾಸಿನ್‌ಗೆ ನಿರ್ದೇಶನದ ಪ್ರಶಸ್ತಿ ಬಂತು. ಮುಂದೆ ನಿರ್ದೇಶಕರಾಗಿ ಹೆಸರಾದ, ಆಗಿನ್ನೂ ವಿಮರ್ಶಕರಾಗಿದ್ದ ತ್ರುಫೋ, ತಾನು ಓದಿದ ಅತಿ ಕೆಟ್ಟ ಕ್ರೈಮ್ ಕಾದಂಬರಿಯಿಂದ ಅತಿ ಒಳ್ಳೆಯ ಕ್ರೈಮ್ ಚಿತ್ರ ಹುಟ್ಟಿದೆ ಎಂದರು. ಕಾದಂಬರಿಕಾರರ ಗತಿ ನೋಡಿ! ಮೆಕ್ಸಿಕೋದಲ್ಲಂತೂ ಜನ ಇದನ್ನೇ ನೋಡಿ ಕನ್ನ ಹಾಕುವುದು ಕಲಿತರೆಂದು ಚಿತ್ರವನ್ನೇ ನಿಷೇಧಿಸಿದರು. ಕಳ್ಳತನ ಎಷ್ಟು ಕಷ್ಟ ಅಂತ ತೋರಿಸಿದ್ದೇನಲ್ಲ ಎನ್ನುವುದು ಡಾಸಿನ್ ವಾದ.

"ಕಷ್ಟವೇ ಸರಿ. ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿರಬೇಕು. ನಾಗು ಕೈಲಾಗುವ ಕೆಲಸವಾ?"

ತಿಜೋರಿ ಒಡೆಯುವ ಸೆಜಾರ್‌ನ ಪಾತ್ರ ಡಾಸಿನ್ನರದೇ, ಬೇರೆ ಹೆಸರಿನಲ್ಲಿ. ಈ ಪುಣ್ಯಾತ್ಮ ಕದ್ದ ಉಂಗುರವನ್ನು ಕ್ಲಬ್ಬಿನ ಹಾಡುಗಾರ್ತಿಗೆ ಕೊಟ್ಟು ಎಲ್ಲರನ್ನೂ ಸಿಕ್ಕಿಹಾಕಿಸುತ್ತಾನೆ. ಹೆದರಿ ಗೆಳೆಯನ ಹೆಸರು ಬಾಯಿಬಿಡುತ್ತಾನೆ. ಅದಕ್ಕೆ ಶಿಕ್ಷೆ ಸಾವು. ಕೊಲ್ಲುವವನೂ ಗೆಳೆಯನೇ.

"ಡಾಸಿನ್ ಅಮೆರಿಕದವರು" ಎಂದೆ. "ಕಮ್ಯುನಿಸ್ಟ್ ಅಂತ ಸಹೋದ್ಯೋಗಿಗಳು ಹೆಸರು ಹೇಳಿದ್ದಕ್ಕೇ ಹಾಲಿವುಡ್ ಬಾಗಿಲು ಮುಚ್ಚಿತ್ತು."

ನಾಗು ಕೂಡ ತೆಪ್ಪಗಾದ. "ಹೆಸರು ಹೇಳಿದವರ ಪಾತ್ರವನ್ನು ತಾನೇ ಮಾಡಿದರಾ? ಛೇ. ಏನೇ ಆಗಲಿ, ಗೆಳೆಯರ ಹೆಸರು ಹೇಳಬಾರದು ಕಣ್ರೋ."

ಅಷ್ಟರಲ್ಲಿ ಒಳಗಿನಿಂದ ಶ್ಯಾಮನ ಹೆಂಡತಿ ಬಂದರು. ಡಬ್ಬಿ ಎತ್ತಿ ಅಲ್ಲಾಡಿಸಿದರು. ಸದ್ದೇ ಇಲ್ಲ.

"ನಾಳೆ ಅತ್ತೆ ಮನೆಗೆ ಒಯ್ಯಬೇಕಿತ್ತು. ಯಾರು ಖಾಲಿ ಮಾಡಿದ್ದು?"

ನಾಗು ಬಾಯಿ ಬಿಡಲಿಲ್ಲ. ಬೆರಳು ಮಾತ್ರ ಶ್ಯಾಮನ ಕಡೆ ತಿರುಗಿತ್ತು.