ಎಲ್ಲಾ ಬಂದ್ ಮಾಡಿದ್ರೂ ಮೀಟರ್ ಮಿಣುಕತೈತಿ, ಯಾಕ್ರೀ?

ಪ್ರಶ್ನೆ (ನವನಗರ, ಬಾಗಲಕೋಟೆ): ಸರ, ಚಳಿಗಾಲದಾಗ 150-160 ಯೂನಿಟ್ ಬರ್ತಿತ್ತು, ಗೃಹಜ್ಯೋತಿ ಒಳಗ ಹೊಂದ್ಕೊಂಡು ಹೋಗ್ತಿತ್ತು. ಈಗ ಎರಡು ತಿಂಗಳಿಂದ 230 ದಾಟೈತಿ. 200 ಮೀರಿದ್ದಕ್ಕ ಹೆಸ್ಕಾಂ ಬಿಲ್ ಪೂರ್ತಿ ನಮ್ಮ ಮ್ಯಾಲೆ ಬಂತು. ಮನ್ಯಾಗ ನಾಕು ಫ್ಯಾನ್, 12 ವರ್ಷದ ಸಿಂಗಲ್ ಡೋರ್ ಫ್ರಿಜ್, 15 ಲೀಟರ್ ಗೀಸರ್, ಯುಪಿಎಸ್ ಅದಾವು. ಫ್ರಿಜ್ ತಗದು ಫೈವ್ ಸ್ಟಾರ್ ತರೂಣು ಅಂತ ಮಾಡೇವಿ. ಆದ್ರ ರಾತ್ರಿ ಎಲ್ಲಾ ಬಂದ್ ಮಾಡಿದ್ರೂ ಮೀಟರಿನ ಕೆಂಪು ದೀಪ ಮಿಣುಕತೈತಿ. ಅದ್ಯಾಕ್ರೀ?

ಉತ್ತರ (ವೈರಿಂಗ್ ಗುತ್ತಿಗೆದಾರ): ಫ್ರಿಜ್ ಖರೀದಿ ಒಂದು ವಾರ ಮುಂದ ಹಾಕ್ರಿ. ಆ ದೀಪಾನೇ ನಿಮ್ಮ ಅಳತೆಗೋಲು.

ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರ್ತದ, ಸಾಮಾನ್ಯವಾಗಿ 3200 ಇಲ್ಲಾ 1600. ಫ್ರಿಜ್ ಪ್ಲಗ್ ಕಿತ್ತು, ಉಳಿದ ಸ್ವಿಚ್ ಎಲ್ಲಾ ಬಂದ್ ಮಾಡಿ, ಯುಪಿಎಸ್ ಹಾಗೇ ಇರಲಿ. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ನೋಡಿ, ಹತ್ತರಿಂದ ಭಾಗಿಸಿ. 3200ರ ಮೀಟರ್ ಆದರೆ 1125ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಬರೋದು ವ್ಯಾಟ್. 1600 ಇದ್ದರೆ 2250ನ್ನು ಭಾಗಿಸಿ. ಮೊದಲ ಮಿಣುಕನ್ನು ಸೊನ್ನೆ ಅಂತ ಎಣಿಸಬೇಕು. ಒಂದು ಅಂತ ಶುರು ಮಾಡಿದರೆ ಲೆಕ್ಕ ತಪ್ಪತದ.

ಆಮೇಲೆ ಎಂಸಿಬಿ (ಬೋರ್ಡಿನಲ್ಲಿ ಒಂದೊಂದು ಲೈನ್ ಕಡಿಯುವ ಸ್ವಿಚ್) ಒಂದೊಂದೇ ಇಳಿಸ್ತಾ ಹೋಗಿ. ಯಾವುದು ಇಳಿಸಿದಾಗ ಮಿಣುಕು ನಿಲ್ತದೋ ಕಳ್ಳ ಆ ಲೈನಿನಲ್ಲಿದ್ದಾನೆ. ಮೀಟರಿನಲ್ಲಿ ಅರ್ಥ್ ಚಿಹ್ನೆಯ ಇನ್ನೊಂದು ದೀಪ ಹತ್ತಿಕೊಂಡಿದೆಯಾ ಅಂತಲೂ ನೋಡ್ರಿ. ಹತ್ತಿದ್ದರೆ ಫೇಸ್‌ನಲ್ಲಿ ಬಂದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಹೋಗ್ತಿಲ್ಲ ಅಂತ ಅರ್ಥ. ಅದಕ್ಕೆ ಮೊದಲು ವೈರ್‌ಮನ್ ಬೇಕು, ಉಳಿತಾಯದ ಮಾತು ಆಮೇಲೆ.

ಪ್ರಶ್ನೆ ಕೇಳಿದವರು: ಮಾಡಿದೆ ಸರ. 3200ರ ಮೀಟರ್. ಹತ್ತು ಮಿಣುಕಿಗೆ 92 ಸೆಕೆಂಡ್. ಯುಪಿಎಸ್ ಎಂಸಿಬಿ ಇಳಿಸಿದ ಕೂಡ್ಲೆ ದೀಪ ನಿಂತು ಬಿಡ್ತು. ಅರ್ಥ್ ದೀಪ ಇಲ್ಲ.

ಉತ್ತರ (ವೈರಿಂಗ್ ಗುತ್ತಿಗೆದಾರ): 1125 ಭಾಗಿಸು 9.2, ಅಂದರೆ 122 ವ್ಯಾಟ್. ಹಗಲು ರಾತ್ರಿ ಹೀಗೇ ಎಳೆದರೆ ದಿನಕ್ಕೆ ಸುಮಾರು 2.9 ಯೂನಿಟ್, ತಿಂಗಳಿಗೆ 88. ನಿಮ್ಮ ಬಿಲ್ ಎಷ್ಟು ಏರಿದೆಯೋ ಅಷ್ಟೂ ಇದರಲ್ಲೇ ಅಡಗಿದೆ. ಯುಪಿಎಸ್ ಲೈನಿನಲ್ಲಿ ರೂಟರ್, ಸೆಟ್ ಟಾಪ್ ಬಾಕ್ಸ್ ಇದ್ದರೆ ಅವನ್ನೂ ಕಿತ್ತು ಇನ್ನೊಮ್ಮೆ ಎಣಿಸಿ. ಆದರೂ 100ರ ಹತ್ತಿರವೇ ಬಂದರೆ ಬ್ಯಾಟರಿ ನೋಡಿಸಿ.

ಉತ್ತರ (ಬ್ಯಾಟರಿ ದುರಸ್ತಿ, ಜಮಖಂಡಿ): ನಡುವೆ ಬಾಯಿ ಹಾಕ್ತೀನಿ. ಕರೆಂಟ್ ಹೋಗಿ ಬಂದು 12 ತಾಸು ಆದ ಮೇಲೂ ಬ್ಯಾಟರಿ ಬೆಚ್ಚಗಿದ್ದು, ಕುದಿಯುವ ಸದ್ದು ಬರ್ತಿದ್ದರೆ ಒಳಗಿನ ಆರು ಸೆಲ್ (ಖಾನೆ) ಪೈಕಿ ಒಂದು ಶಾರ್ಟ್ ಆಗಿರ್ತದ. ತುಂಬಿದ 12 ವೋಲ್ಟ್ ಬ್ಯಾಟರಿ ಚಾರ್ಜರ್ ಮೇಲೆ 13.5 ವೋಲ್ಟ್ ಮೇಲೆ ನಿಲ್ಲಬೇಕು. ಸೆಲ್ ಸತ್ತಿದ್ದರೆ ಅಲ್ಲಿಗೆ ಏರೋದೇ ಇಲ್ಲ, ಚಾರ್ಜರ್ ಇನ್ನೂ ತುಂಬಿಲ್ಲ ಅಂತ ತಿಳಿದು ತುಂಬ್ತಾನೇ ಇರ್ತದ. ಆ ಕರೆಂಟೆಲ್ಲ ಕಾವಾಗಿ, ಗ್ಯಾಸ್ ಆಗಿ ಹೋಗ್ತದ.

ಹೈಡ್ರೋಮೀಟರ್‌ನಿಂದ (ಆಸಿಡ್ ಎಷ್ಟು ಗಟ್ಟಿ ಅಂತ ತೋರಿಸುವ ನಳಿಗೆ) ಆರೂ ಸೆಲ್ ನೋಡಿ. ಐದರಲ್ಲಿ 1.240 ಆಸುಪಾಸು ಇದ್ದು, ಒಂದರಲ್ಲಿ 1.150ಕ್ಕೆ ಕುಸಿದಿದ್ದರೆ ಅದು ಮುಗಿದ ಬ್ಯಾಟರಿ. ಆಸಿಡ್ ಹಾಕಿ ಎಬ್ಬಿಸ್ತೀವಿ ಅನ್ನೋರ ಕೈಗೆ ಕೊಡಬೇಡ್ರಿ. ನೋಡುವ ಮುಂಚೆ ಯುಪಿಎಸ್ ಬಂದ್ ಮಾಡಿ, ಕಿಟಕಿ ತೆಗೆದು, ಕಣ್ಣಿಗೆ ಕನ್ನಡಕ ಹಾಕ್ಕೊಂಡು ಮುಚ್ಚಳ ತೆಗೀರಿ. ಹತ್ತಿರ ಊದುಬತ್ತಿಯೂ ಬೇಡ. ನಮ್ಮ ಕಡೆ ಬ್ಯಾಟರಿ ಬೇಗ ಸಾಯೋದು ಬೋರಿನ ಸವಳು ನೀರು ಸುರಿಯೋದರಿಂದ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡ್ರಿ. ಆರ್‌ಓ ನೀರೂ ಅದಕ್ಕೆ ಸಮ ಅಲ್ಲ.

ಪ್ರಶ್ನೆ ಕೇಳಿದವರು: ನಾಕನೇ ಸೆಲ್ 1.140 ತೋರಿಸ್ತು. ಅಂದ್ರ ಫ್ರಿಜ್‌ದೇನೂ ತಪ್ಪಿಲ್ಲಾ?

ಉತ್ತರ (ವೈರಿಂಗ್ ಗುತ್ತಿಗೆದಾರ): ಅದನ್ನೂ ಅಳೆದೇ ಹೇಳಬೇಕು. ಕಂಪ್ರೆಸರ್ ಹತ್ತಿ ಆರಿ ಮಾಡೋದರಿಂದ ಮಿಣುಕು ಎಣಿಸಿ ಪ್ರಯೋಜನ ಇಲ್ಲ. ಒಂದು ದಿನ ಎಲ್ಲಾರೂ ಊರಿಗೆ ಹೋಗುವಾಗ ಫ್ರಿಜ್ ಒಂದನ್ನೇ ಬಿಟ್ಟು, ಮೀಟರ್ ರೀಡಿಂಗ್ ಫೋಟೋ ತೆಗೆದುಕೊಳ್ಳಿ, 24 ತಾಸಿನ ಮೇಲೆ ಇನ್ನೊಂದು. ಸಿಂಗಲ್ ಡೋರ್ ಫ್ರಿಜ್ ದಿನಕ್ಕೆ ಒಂದು ಯೂನಿಟ್ ಒಳಗಿದ್ದರೆ ಇನ್ನೂ ನಡೀಲಿ. ಎರಡರ ಹತ್ತಿರ ಬಂದರೆ ಮೊದಲು ಬಾಗಿಲಿನ ರಬ್ಬರ್ ನೋಡಿ. ಹತ್ತು ರೂಪಾಯಿ ನೋಟು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ, ಸರಾಗವಾಗಿ ಬಂದ ಜಾಗದಲ್ಲಿ ತಂಪು ಸೋರ್ತಿದೆ. ನಾಲ್ಕೂ ಬದಿಗೆ ಮಾಡಬೇಕು, ಕೀಲಿನ ಬದಿ ಮರೀಬೇಡಿ. ಹಿಂದಿನ ಜಾಲರಿಯ ಧೂಳು ಬ್ರಷ್‌ನಿಂದ ತೆಗೆದು, ಗೋಡೆಯಿಂದ ಒಂದು ಗೇಣು ಬಿಡಿ.

ರೊಕ್ಕ ಹಾಕೋದೇ ಆದರೆ ಹೆಚ್ಚು ಹೊತ್ತು ತಿರುಗುವ ಎರಡು ಫ್ಯಾನಿಗೆ ಹಾಕ್ರಿ. ಹಳೇ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಹೊಸ ನಮೂನೆ ಮೋಟರಿನ ಫ್ಯಾನ್) 30ರ ಸುತ್ತ. ದಿನಕ್ಕೆ 16 ತಾಸು ತಿರುಗಿದರೆ ಒಂದೊಂದಕ್ಕೆ ತಿಂಗಳಿಗೆ 21 ಯೂನಿಟ್ ಉಳೀತದ. ದೇವರ ಮನಿ ಮುಂದಿನಂಥ, ಅಪರೂಪಕ್ಕೆ ತಿರುಗುವ ಫ್ಯಾನ್ ಹಳೇದೇ ಇರಲಿ.

ಪ್ರಶ್ನೆ (ವಿಜಯಪುರ): ಬಿಎಲ್‌ಡಿಸಿ ಹಾಕಿಸೀನ್ರಿ. ಹಳೇ ರೆಗ್ಯುಲೇಟರ್ ಕಡಿಮಿ ಮಾಡಿದ್ರ ಮಿಡುಕಿ ಮಿಡುಕಿ ನಿಂದರ್ತದ. ಗೀಸರೂ ಕೆಟಲ್ ಹಂಗ ಸದ್ದು ಮಾಡ್ತದ, ಸವಳು ನೀರು ಅದ. ಅದಕ್ಕ ಯೂನಿಟ್ ಜಾಸ್ತಿ ಹೋಗ್ತಾವೇನು?

ಉತ್ತರ (ವೈರಿಂಗ್ ಗುತ್ತಿಗೆದಾರ): ರೆಗ್ಯುಲೇಟರ್ ತೆಗೆಸಿ ನೇರ ಸ್ವಿಚ್‌ಗೆ ಕೊಡಿಸ್ರಿ, ವೇಗ ರಿಮೋಟ್‌ನಿಂದಲೇ. ಹಾಗೇ ಬಿಟ್ಟರೆ ಒಳಗಿನ ಬೋರ್ಡ್ ಸುಡ್ತದ.

ಗೀಸರ್ ವಿಷಯ ಅರ್ಧ ನಿಜ. ಸವಳು ನೀರಿನ ಸುಣ್ಣ ಕಾಯಿಲ್ ಮೇಲೆ ಪದರಾಗಿ ಕಟ್ಟೋದರಿಂದಲೇ ಆ ಸದ್ದು, ಯೂನಿಟ್ ಮಾತ್ರ ಜಾಸ್ತಿ ಹೋಗೋದಿಲ್ಲ. ಕಾಯಿಲ್ ನೀರಿನೊಳಗೇ ಮುಳುಗಿದೆ, ಕಾವು ತಡವಾಗಿಯಾದರೂ ನೀರಿಗೇ ಹೋಗಬೇಕು. 15 ಲೀಟರನ್ನು 30 ಡಿಗ್ರಿ ಏರಿಸೋಕೆ ಅರ್ಧ ಯೂನಿಟ್ ಸಾಕು, ಸುಣ್ಣ ಕಟ್ಟಿದರೂ ಅಷ್ಟೇ. ಕೆಡೋದು ಕಾಯಿಲ್: ಪದರಿನೊಳಗೆ ಕೆಂಪಗೆ ಕಾದು ಸೀಳ್ತದ, ಶಾಕ್ ಬರ್ತದ. ಆದ್ದರಿಂದ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಗೀಸರ್ ನಡೆಸಬೇಡ್ರಿ. ಥರ್ಮೋಸ್ಟಾಟ್ 55ಕ್ಕೆ ಇಳಿಸಿ, 60 ದಾಟಿದಂತೆ ಸುಣ್ಣ ಬೇಗ ಕಟ್ತದ. ವರ್ಷಕ್ಕೊಮ್ಮೆ ಬಿಚ್ಚಿಸಿ, ಸಿಟ್ರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಕಾಯಿಲ್ ನೆನೆಹಾಕಿ. ಟಾಕಿಗೆ ತುಕ್ಕು ಹಿಡಿಯದಂತೆ ಒಳಗಿಟ್ಟ ಮೆಗ್ನೀಷಿಯಂ ಸರಳು ಸವೆದಿದ್ದರೆ ಅದನ್ನೂ, ಗ್ಯಾಸ್ಕೆಟನ್ನೂ ಹೊಸದು ಹಾಕಿಸಿ.

ಪ್ರಶ್ನೆ (ಬೆಳಗಾವಿ): 14 ಖೋಲಿಯ ಹಾಸ್ಟೆಲ್. ಮ್ಯಾಲೆ 500 ಲೀಟರ್ ಸೋಲಾರ್ ನೀರಿನ ಟಾಕಿ, 3 ಕಿಲೋವ್ಯಾಟ್ ಕಾಯಿಲ್ ಐತಿ. ಬಿಸಿಲಿದ್ರೂ ಕರೆಂಟ್ ಬಿಲ್ ಇಳಿಯವಲ್ದು. ಕಾರಿಡಾರ್ ಲೈಟಿಗೆ ಸೆನ್ಸರ್ ಹಾಕಿಸಿದ್ವಿ, ಎರಡು ಹತ್ತಿದ್ದು ಆರವಲ್ವು.

ಉತ್ತರ (ಕಟ್ಟಡ ವಿದ್ಯುತ್ ನಿರ್ವಹಣೆ): ನಿಮ್ಮ ಕಾಯಿಲ್‌ಗೆ ಟೈಮರ್ ಇಲ್ಲ, ಬರೀ ಥರ್ಮೋಸ್ಟಾಟ್ ಮೇಲೆ ನಡೀತಿದೆ ಅನ್ನಿಸ್ತದ. ಸಂಜೆ ಹುಡುಗರು ಬಿಸಿನೀರು ತೆಗೆದ ಕೂಡಲೇ ಟಾಕಿಗೆ ತಣ್ಣೀರು ಬರ್ತದ, ಕಾಯಿಲ್ ಹತ್ತಿ ರಾತ್ರಿಯೇ ಪೂರ್ತಿ ಕಾಯಿಸಿಬಿಡ್ತದ. ಮರುದಿನ ಸೂರ್ಯನಿಗೆ ಮಾಡಲು ಕೆಲಸವೇ ಉಳಿಯೋದಿಲ್ಲ.

ಟೈಮರ್ ಹಾಕಿ ನಸುಕಿನ 3:30ರಿಂದ 5:30ರ ತನಕ ಮಾತ್ರ ಕರೆಂಟ್ ಕೊಡಿ. 500 ಲೀಟರನ್ನು 10 ಡಿಗ್ರಿ ಏರಿಸೋಕೆ ಸುಮಾರು 6 ಯೂನಿಟ್, ನಿಮ್ಮ ಕಾಯಿಲ್‌ಗೆ ಎರಡು ತಾಸು. ಥರ್ಮೋಸ್ಟಾಟ್ 50ಕ್ಕೆ ಇಟ್ಟರೆ ಬಿಸಿಲಿನ ದಿನ ಅದು ಹತ್ತೋದೇ ಇಲ್ಲ. 13 ಆಂಪಿಯರ್ ಲೋಡನ್ನು ಟೈಮರ್ ಮೇಲೆ ನೇರ ಹೊರಿಸಬೇಡಿ. ನಡುವೆ 25 ಆಂಪಿಯರ್‌ನ ಎರಡು ಪೋಲ್ ಕಾಂಟ್ಯಾಕ್ಟರ್ (ಟೈಮರ್ ಹೇಳಿದಾಗ ಭಾರೀ ಕರೆಂಟ್ ಹಾಯಿಸುವ ಸ್ವಿಚ್) ಇರಲಿ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೇಳಿ ತಗೊಳ್ಳಿ. ಚಕ್ರದ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತು, ವಾರದಲ್ಲಿ ನಸುಕು ಮಧ್ಯಾಹ್ನಕ್ಕೆ ಜಾರಿರ್ತದ.

ಸೆನ್ಸರ್ ಲೈಟ್ ಆರದಿರೋಕೆ ಕಾರಣ ರಿಲೇ (ಸೆನ್ಸರ್ ಒಳಗಿನ ಸಣ್ಣ ಸ್ವಿಚ್) ಅಂಟಿಕೊಂಡಿದ್ದು. ಎಲ್‌ಇಡಿ ಟ್ಯೂಬ್ ಹತ್ತುವ ಕ್ಷಣ ತನ್ನ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೀತದ, ಆ ಕಿಡಿಗೆ ಸಣ್ಣ ರಿಲೇಯ ತುದಿಗಳು ಬೆಸೆದುಕೊಳ್ತವೆ. ಒಂದು ಸೆನ್ಸರ್‌ಗೆ ಮೂರು ನಾಲ್ಕು ಟ್ಯೂಬ್ ಸಾಕು. ಸೆನ್ಸರನ್ನು ಕಾರಿಡಾರ್ ತುದಿಗೆ, ಬರುವವರ ಎದುರಿಗೆ ಕೂಡಿಸಬೇಡಿ. ಅದು ಅಡ್ಡ ಹಾಯುವ ದೇಹದ ಕಾವನ್ನು ಚೆನ್ನಾಗಿ ಹಿಡೀತದ, ನೇರ ಬರುವವರನ್ನು ತಡವಾಗಿ. ಏಪ್ರಿಲ್‌ನಲ್ಲಿ ಗೋಡೆಯ ಕಾವು ಮೈಕಾವಿನ ಹತ್ತಿರ ಬಂದಾಗ ಅದರ ಕಣ್ಣು ಇನ್ನೂ ಮಂದ. ಮೆಟ್ಟಿಲಿನ ಲೈಟಿಗೆ ಸೆನ್ಸರ್ ಬೇಡವೇ ಬೇಡ, ಒಂದು 9 ವ್ಯಾಟ್ ಬಲ್ಬ್ ರಾತ್ರಿಯಿಡೀ ಉರೀಲಿ.

ಪ್ರಶ್ನೆ (ನವನಗರ, ಬಾಗಲಕೋಟೆ): ಹೊಸ ಬ್ಯಾಟರಿ ಕೂಡಿಸಿ ಮರುದಿನ ಎಣಿಸಿದೆ ಸರ. ಹತ್ತು ಮಿಣುಕಿಗೆ 12 ನಿಮಿಷದ ಮ್ಯಾಲೆ ಹೋತು.

ಉತ್ತರ (ವೈರಿಂಗ್ ಗುತ್ತಿಗೆದಾರ): 15-16 ವ್ಯಾಟ್ ಆಯ್ತು, ಸರಿಯಾಗಿದೆ. ಆ ಸಂಖ್ಯೆ ಮೀಟರ್ ಬೋರ್ಡಿನ ಮೇಲೆ ಪೆನ್ಸಿಲಿನಿಂದ ಬರೆದಿಡ್ರಿ. ಮೂರು ತಿಂಗಳಿಗೊಮ್ಮೆ ಎಣಿಸಿ, 40 ವ್ಯಾಟ್ ದಾಟಿದರೆ ಬ್ಯಾಟರಿಯ ನೀರಿನ ಮಟ್ಟ ನೋಡಿ.