ಮೊನೊವಿಯಲ್ಲಿ ಒಬ್ಬರೇ ಇರುವಾಗ 2020ರ ಜನಗಣತಿ ಇಬ್ಬರೆಂದದ್ದು ಏಕೆ?

ಪ್ರಶ್ನೆ: ಅಮೆರಿಕದ ನೆಬ್ರಾಸ್ಕದ ಈ ಊರನ್ನು ವರ್ಷಗಳಿಂದ ಗಮನಿಸುತ್ತಿದ್ದೇನೆ. 2000ದಲ್ಲಿ ಇಬ್ಬರು, ಗಂಡ ಹೆಂಡತಿ. 2004ರಲ್ಲಿ ಗಂಡ ತೀರಿಕೊಂಡರು, 2010ರಲ್ಲಿ ಲೆಕ್ಕ 1. ಆದರೆ 2020ರಲ್ಲಿ ಮತ್ತೆ 2! ಯಾರಾದರೂ ಹೊಸಬರು ಬಂದರೇ? ನಿಜ ಹೇಳಬೇಕೆಂದರೆ, ಆ ಅಂಕಿ ನೋಡಿ ನನಗೆ ತುಂಬಾ ಖುಷಿಯಾಗಿತ್ತು.

ಉತ್ತರ 1: ಯಾರೂ ಬಂದಿರಲಿಲ್ಲ. ವ್ಯಕ್ತಿಗಳ ಗುರುತು ಹೊರಬೀಳದಿರಲೆಂದು ಜನಗಣತಿ ಇಲಾಖೆ ಆ ಸಲ ಊರು, ನಗರಗಳ ಅಂಕಿಗಳನ್ನು ಬೇಕೆಂದೇ ಸ್ವಲ್ಪ ಹಿಂದೆಮುಂದೆ ಮಾಡಿತು. ರಾಜ್ಯದ ಒಟ್ಟು ಸಂಖ್ಯೆ ಮಾತ್ರ ಎಣಿಸಿದಂತೆಯೇ ಇರುತ್ತದೆ. ದೊಡ್ಡ ನಗರದಲ್ಲಿ ಇದು ಗೊತ್ತಾಗುವುದೇ ಇಲ್ಲ, ಮೊನೊವಿಯಲ್ಲಿ ಊರೇ ಇಮ್ಮಡಿಯಾಯಿತು.

ಉತ್ತರ 2: ಊರು ಹುಟ್ಟಿದ್ದು ರೈಲಿನಿಂದ, 1902ರಲ್ಲಿ. 1930ರ ದಶಕದಲ್ಲಿ ಸುಮಾರು 150 ಜನರಿದ್ದರು. ಆಮೇಲೆ ಹೊಲಗೆಲಸ ಯಂತ್ರಗಳ ಪಾಲಾಯಿತು, ಹುಡುಗರು ಕೆಲಸ ಹುಡುಕಿ ನಗರಕ್ಕೆ ಹೋದರು. ಅಂಚೆ ಕಚೇರಿ, ದಿನಸಿ ಅಂಗಡಿ ಮುಚ್ಚಿದವು. 1974ರಲ್ಲಿ ಶಾಲೆಯೂ ಹೋಯಿತು. ನನಗೆ ಅತಿ ನೋವೆನಿಸುವುದು ಶಾಲೆಯದು. ಮಕ್ಕಳ ಸದ್ದು ನಿಂತ ಊರಿಗೆ ಯಾವ ಕುಟುಂಬ ಬಂದೀತು?

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದ. ಹಾಗಾದರೆ ಬೀದಿ ದೀಪ ಯಾರು ನೋಡಿಕೊಳ್ಳುತ್ತಿದ್ದರು?

ಉತ್ತರ 2: ಗಂಡ ತೀರಿಕೊಂಡ ಮೇಲೆ ಊರಲ್ಲಿ ಒಬ್ಬರೇ ಉಳಿದ ಆ ಅಜ್ಜಿಯೇ! ಮೇಯರ್, ಗುಮಾಸ್ತೆ, ಖಜಾಂಚಿ ಎಲ್ಲವೂ ಅವರೇ. ನಾಲ್ಕು ದೀಪಗಳ ಖರ್ಚಿಗೆ ರಾಜ್ಯದ ಹಣ ಸಿಗಲೆಂದು ಪ್ರತಿವರ್ಷ ರಸ್ತೆ ಯೋಜನೆ ಬರೆದು ಕಳಿಸುತ್ತಿದ್ದರು. ಗಂಡನ ನೆನಪಿಗೆ ಸುಮಾರು 5,000 ಪುಸ್ತಕಗಳ ಗ್ರಂಥಾಲಯವನ್ನೂ ತೆರೆದರು.